ಪರಭಾಷೆ ಕಲಿಸುವವರು ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿಯಲ್ಲಿ ಶಾಲಾ ಶಿಕ್ಷಣದ ಕುರಿತು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರೆಲ್ಲರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಪಂಚಾಯತಿಯ ಸಭೆಯಲ್ಲಿ ಶಾಲೆಯ ಮಾತು ಬಂದಾಗ ಸಾಮಾನ್ಯವಾಗಿ ಚರ್ಚೆಯಾಗುವುದು ಕಾಂಪೌಂಡು, ಶೌಚಾಲಯ, ಸೋರುವ ಚಾವಣಿ, ನೀರಿನ ಸಂಪರ್ಕ. ಇವೆಲ್ಲವೂ ಅಗತ್ಯವಾದ ಕೆಲಸಗಳೇ. ಆದರೆ ಇಂದು ನಾನು ಕಟ್ಟಡದ ವಿಷಯ ಮಾತನಾಡಲು ಬಂದಿಲ್ಲ. ಆ ಕಟ್ಟಡದೊಳಗೆ, ಮನೆಯಲ್ಲಿ ಆಡದ ಭಾಷೆಯೊಂದನ್ನು ಮಕ್ಕಳಿಗೆ ಕಲಿಸುತ್ತಿರುವ ಶಿಕ್ಷಕರ ಬಗ್ಗೆ, ಅವರಿಗೆ ನೆರವಾಗುವ ಇತರ ಸಿಬ್ಬಂದಿಯ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಹಲವು ವರ್ಷ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವನಾದ್ದರಿಂದ ಈ ವಿಷಯವನ್ನು ಒಳಗಿನಿಂದ ಕಂಡಿದ್ದೇನೆ.

ಮೊದಲು ನಮ್ಮ ಪ್ರದೇಶವನ್ನು ಗಮನಿಸೋಣ. ಬೆಂಗಳೂರಿನ ಹೊರವಲಯಕ್ಕೆ ಪರಭಾಷೆ ಹೊಸದಲ್ಲ. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದ್ದರಿಂದ ವೈಟ್‌ಫೀಲ್ಡ್ ಎಂಬ ನೆಲೆ ಹುಟ್ಟಿತು. ಸುತ್ತಲೂ ಕನ್ನಡ, ತೆಲುಗು, ತಮಿಳು ಆಡುವ ಹಳ್ಳಿಗಳು; ನಡುವೆ ಇಂಗ್ಲಿಷ್ ಆಡುವ ಒಂದು ಊರು. ಸುಮಾರು ಒಂದು ಶತಮಾನದ ಬಳಿಕ, 1970ರ ದಶಕದ ಕೊನೆಯಲ್ಲಿ, ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳು ಎದ್ದವು. ಬೊಮ್ಮಸಂದ್ರ, ಜಿಗಣಿ, ದಾಬಸ್‌ಪೇಟೆಗಳಿಗೂ ಕೈಗಾರಿಕೆ ಹಬ್ಬಿತು. ಈ ಪ್ರದೇಶಗಳ ಹಲವು ಭಾಗಗಳು ಇಂದು ನಗರ ಸಂಸ್ಥೆಗಳ ಆಡಳಿತಕ್ಕೆ ಸೇರಿವೆ. ಆದರೆ ಅಲ್ಲಿ ದುಡಿಯುವ ಕಾರ್ಮಿಕರ ಪೈಕಿ ಬಹಳಷ್ಟು ಜನ ಬಾಡಿಗೆ ಕಡಿಮೆಯಿರುವ ಸುತ್ತಲಿನ ಹಳ್ಳಿಗಳಲ್ಲಿ, ಅಂದರೆ ತಮ್ಮ ಪಂಚಾಯತಿಗಳಲ್ಲಿ, ವಠಾರದ ಕೋಣೆಗಳಲ್ಲಿ ಮತ್ತು ಶೆಡ್ಡುಗಳಲ್ಲಿ ವಾಸಿಸುತ್ತಾರೆ. ಅವರ ಮಕ್ಕಳು ಬರುವುದು ತಮ್ಮ ಶಾಲೆಗೆ.

ಆದ್ದರಿಂದ ನಮ್ಮ ಒಂದೇ ತರಗತಿಯಲ್ಲಿ ಎರಡು ಬಗೆಯ ಮಕ್ಕಳಿದ್ದಾರೆ. ಊರಿನ ಮಗುವಿಗೆ ಇಂಗ್ಲಿಷ್ ಪರಭಾಷೆ. ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ ರಾಜ್ಯಗಳಿಂದ ಬಂದ ಕಾರ್ಮಿಕರ ಮಗುವಿಗೆ ಕನ್ನಡವೂ ಪರಭಾಷೆ, ಇಂಗ್ಲಿಷೂ ಪರಭಾಷೆ. ಆನೇಕಲ್ ತಾಲ್ಲೂಕಿನಂತಹ ಗಡಿ ಭಾಗದಲ್ಲಿ ಮನೆಯಲ್ಲಿ ತೆಲುಗು ಅಥವಾ ತಮಿಳು ಆಡುತ್ತಾ ಶಾಲೆಯಲ್ಲಿ ಕನ್ನಡ ಕಲಿತು ಬೆಳೆದವರು ಈ ಸಭೆಯಲ್ಲಿಯೇ ಹಲವರಿರಬಹುದು. ತಮಗೆ ಮೊದಲ ಕನ್ನಡ ಪಾಠ ಹೇಳಿದ ಮೇಷ್ಟ್ರು ಯಾರೆಂಬುದು ತಮಗೆ ಇಂದಿಗೂ ನೆನಪಿರುತ್ತದೆ. ಪುಸ್ತಕದ ಹೆಸರು ಮರೆತಿರಬಹುದು, ಕಲಿಸಿದವರನ್ನು ಮರೆಯುವುದಿಲ್ಲ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ವಿಷಯ ಇದೇ: ಮಗು ಪರಭಾಷೆಯನ್ನು ಮನುಷ್ಯರಿಂದ ಕಲಿಯುತ್ತದೆ. ಆ ಮನುಷ್ಯರು ಶಾಲೆಯಲ್ಲಿ ನೆಲೆಯಾಗಿ ನಿಲ್ಲುವಂತೆ ನೋಡಿಕೊಳ್ಳುವ ಕೆಲಸದಲ್ಲಿ ಪಂಚಾಯತಿಯ ಪಾಲು ದೊಡ್ಡದು.

ಯಾವ ಭಾಷೆಯನ್ನು ಕಲಿಸಬೇಕು ಎಂಬ ಬಗ್ಗೆ ಸರ್ಕಾರ ಕಾಲಕಾಲಕ್ಕೆ ತೀರ್ಮಾನ ಮಾಡಿದೆ. 2007-08ನೇ ಸಾಲಿನಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಕನ್ನಡ ಭಾಷಾ ಕಲಿಕಾ ಅಧಿನಿಯಮ, 2015ರಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಹಂತ ಹಂತವಾಗಿ ಕಲಿಸಬೇಕಾಗಿದೆ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭವಾದವು. ಏನನ್ನು ಕಲಿಸಬೇಕು ಎಂಬುದು ಹೀಗೆ ಆದೇಶಗಳಲ್ಲಿ ನಿರ್ಧಾರವಾಗಿದೆ. ಯಾರು ಕಲಿಸುತ್ತಾರೆ, ಅವರು ವರ್ಷವಿಡೀ ಇರುತ್ತಾರೆಯೇ, ಅವರ ಸಮಯ ತರಗತಿಗೇ ಸಲ್ಲುತ್ತದೆಯೇ ಎಂಬ ಪ್ರಶ್ನೆಗಳು ಮಾತ್ರ ಪ್ರತಿ ಊರಿನಲ್ಲಿಯೂ ಪ್ರತಿ ಜೂನ್ ತಿಂಗಳಿನಲ್ಲಿಯೂ ಹೊಸದಾಗಿ ಏಳುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ತಮ್ಮ ಗಮನಕ್ಕೆ ತರುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನಗಳಿರಬೇಕು. ದಿನಕ್ಕೆ 40 ನಿಮಿಷದ ಒಂದು ಅವಧಿ ಇಂಗ್ಲಿಷಿಗೆ ದೊರೆಯುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ ಒಟ್ಟು 8,000 ನಿಮಿಷ, ಅಂದರೆ ಸುಮಾರು 133 ಗಂಟೆ. ಮಗು ಎಚ್ಚರವಾಗಿರುವ ಹನ್ನೆರಡು ಗಂಟೆಯ ಲೆಕ್ಕದಲ್ಲಿ ಇದು ಕೇವಲ ಹನ್ನೊಂದು ದಿನ. ಮನೆಯ ಭಾಷೆಯನ್ನು ಮಗು ಹುಟ್ಟಿದಂದಿನಿಂದ ಪ್ರತಿದಿನವೂ ಕೇಳಿ ಕಲಿತಿದೆ. ಪರಭಾಷೆಗೆ ಇಡೀ ವರ್ಷದಲ್ಲಿ ಸಿಗುವುದು ಹನ್ನೊಂದು ದಿನದಷ್ಟು ಕಾಲ. ಶಿಕ್ಷಕರ ನೇಮಕ ಎರಡು ತಿಂಗಳು ತಡವಾದರೆ ಸುಮಾರು 32 ಗಂಟೆ, ಎಂದರೆ ಆ ಕಾಲದ ಕಾಲು ಭಾಗ, ಹೋಗಿಬಿಡುತ್ತದೆ. ವಿಜ್ಞಾನದ ಒಂದು ಪಾಠ ತಪ್ಪಿದರೆ ಮುಂದೆ ಓದಿಕೊಳ್ಳಬಹುದು. ಸಣ್ಣ ತರಗತಿಯಲ್ಲಿ ಭಾಷೆಯನ್ನು ಮಗು ತಾನಾಗಿ ಓದಿಕೊಳ್ಳಲಾರದು. ಯಾರಾದರೂ ಎದುರಿಗೆ ನಿಂತು ಮಾತನಾಡಬೇಕು.

ಪರಭಾಷೆ ಕಲಿಸುವ ಕೆಲಸ ಹೊರಗಿನಿಂದ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಹಾಡು ಹೇಳಿಸುತ್ತಾರೆ, ಚಿತ್ರ ತೋರಿಸುತ್ತಾರೆ, ಕೈ ಬಾಯಿ ಆಡಿಸುತ್ತಾರೆ. ಪೋಷಕರು ಬಂದು ‘ಇನ್ನೂ ಬರೆಯಲು ಕಲಿಸಿಲ್ಲವೇ?’ ಎಂದು ಕೇಳುತ್ತಾರೆ. ವಾಸ್ತವವಾಗಿ ಹೊಸ ಭಾಷೆಗೆ ಬಂದ ಮಗು ಮೊದಲ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಮೌನವಾಗಿರುತ್ತದೆ. ಆ ಅವಧಿಯಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಅನುಭವವಿರುವ ಶಿಕ್ಷಕಿ ಆ ಮೌನವನ್ನು ದಡ್ಡತನವೆಂದು ಎಣಿಸುವುದಿಲ್ಲ. ‘ಪುಸ್ತಕ ತೆಗೆ’ ಎಂಬ ಮಾತಿಗೆ ಮಗು ಪುಸ್ತಕ ತೆಗೆದರೆ ಅದನ್ನೇ ಉತ್ತರವೆಂದು ಸ್ವೀಕರಿಸುತ್ತಾಳೆ. ಮಗುವಿನ ಮನೆಯ ಭಾಷೆಯ ನಾಲ್ಕು ಮಾತನ್ನು ತಾನೂ ಕಲಿಯುತ್ತಾಳೆ. ಮಗು ತಪ್ಪಾಗಿ ಹೇಳಿದ ಮಾತನ್ನು ಗದರದೆ, ಸರಿಯಾದ ರೂಪದಲ್ಲಿ ತಾನೇ ಮತ್ತೊಮ್ಮೆ ಹೇಳುತ್ತಾಳೆ. ಇದಕ್ಕೆ ತಾಳ್ಮೆ ಬೇಕು, ತರಬೇತಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಅದೇ ಮುಖ ಪ್ರತಿದಿನ ಮಗುವಿಗೆ ಕಾಣಬೇಕು.

ನಮ್ಮ ಶಿಕ್ಷಕರಲ್ಲಿ ಬಹುಪಾಲು ಜನ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅವರಿಗೂ ಇಂಗ್ಲಿಷ್ ಪುಸ್ತಕದಿಂದ ಬಂದ ಭಾಷೆಯೇ. ಮಾತನಾಡಲು ಅಳುಕುವ ಶಿಕ್ಷಕರನ್ನು ನಾನು ಕಂಡಿದ್ದೇನೆ. ಆರಂಭದಲ್ಲಿ ನಾನೂ ಅಳುಕಿದವನೇ. ಇಂತಹವರಿಗಾಗಿಯೇ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಈ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುತ್ತ ಬಂದಿದೆ. ಶಿಕ್ಷಕರು ತರಬೇತಿಗೆ ಹೋದಾಗ ‘ಮೇಷ್ಟ್ರು ಶಾಲೆಗೆ ಬರುತ್ತಿಲ್ಲ’ ಎಂಬ ದೂರು ಪಂಚಾಯತಿಗೆ ಬರುವುದುಂಟು. ಆಗ ತಾವು ಶಿಕ್ಷಕರನ್ನು ಹಿಂದಕ್ಕೆ ಕರೆಸಲು ಒತ್ತಾಯಿಸಬಾರದು. ಅವರ ಬದಲಿಗೆ ಆ ದಿನಗಳಲ್ಲಿ ಪಾಠ ಮಾಡುವವರು ಯಾರೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೇಳಬೇಕು.

ಇನ್ನು ಅತಿಥಿ ಶಿಕ್ಷಕರ ವಿಷಯ. ಖಾಲಿ ಹುದ್ದೆಗಳಿರುವ ಶಾಲೆಗಳಲ್ಲಿ ಆ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಇವರನ್ನು ತೆಗೆದುಕೊಳ್ಳಲಾಗುತ್ತದೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ಒಬ್ಬ ಅತಿಥಿ ಶಿಕ್ಷಕಿ ಇದ್ದರು. ಪದವೀಧರೆ, ಹತ್ತಿರದ ಊರಿನವರು. ಮೂರನೇ ತರಗತಿಯ ಮಕ್ಕಳು ಅವರೊಂದಿಗೆ ಇಂಗ್ಲಿಷಿನಲ್ಲಿ ಅಂಗಡಿಯಾಟ ಆಡುತ್ತಿದ್ದರು. ಒಬ್ಬ ಮಾರುವವ, ಒಬ್ಬ ಕೊಳ್ಳುವವ. ಗೌರವಧನ ತಿಂಗಳುಗಟ್ಟಲೆ ಬರಲಿಲ್ಲ. ಬಸ್ಸಿನ ಖರ್ಚಿಗೂ ಮನೆಯವರನ್ನು ಕೇಳಬೇಕಾಯಿತು. ಡಿಸೆಂಬರಿನಲ್ಲಿ ಅವರು ಕಾರ್ಖಾನೆಯೊಂದರ ಕಚೇರಿ ಕೆಲಸಕ್ಕೆ ಸೇರಿಕೊಂಡರು. ಅವರನ್ನು ದೂಷಿಸಲು ನನಗೆ ಮನಸ್ಸು ಬರಲಿಲ್ಲ. ಆದರೆ ಮಾರನೆಯ ವಾರದಿಂದ ಅಂಗಡಿಯಾಟ ನಿಂತಿತು, ಮಕ್ಕಳು ಮತ್ತೆ ಅಕ್ಷರ ನಕಲು ಮಾಡಲು ಕುಳಿತರು. ಗೌರವಧನ ಬಿಡುಗಡೆ ಮಾಡುವುದು ಪಂಚಾಯತಿಯ ಅಧಿಕಾರವಲ್ಲ, ನನಗೆ ತಿಳಿದಿದೆ. ಆದರೆ ಆ ಶಿಕ್ಷಕಿಗೆ ಸಂಭಾವನೆ ಬಂದಿಲ್ಲವೆಂಬ ವಿಷಯ ಆ ಊರಿನ ಒಬ್ಬ ಸದಸ್ಯರಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಒಂದು ನಡಾವಳಿ, ಒಂದು ಪತ್ರ, ಒಂದು ದೂರವಾಣಿ ಕರೆಯಾದರೂ ಆಗುತ್ತಿತ್ತು. ಆ ವರ್ಷ ಯಾವುದೂ ಆಗಲಿಲ್ಲ.

ಭಾಷೆ ಕಲಿಸುವವರು ಶಿಕ್ಷಕರು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಅದೇ ಶಾಲೆಗೆ ಬಿಹಾರದ ಕುಟುಂಬವೊಂದರ ಏಳು ವರ್ಷದ ಹುಡುಗಿ ಸೇರಿದಳು. ತಂದೆ ಗಾರೆ ಕೆಲಸದವರು. ತರಗತಿಯಲ್ಲಿ ಅವಳು ಬಾಯಿ ತೆರೆಯಲಿಲ್ಲ. ಒಂದು ದಿನ ಬಿಸಿಯೂಟದ ಸಾಲಿನಲ್ಲಿ ಅವಳು ಅಡುಗೆಯಮ್ಮನಿಗೆ ‘ಸಾಕು’ ಎಂದಳು. ಅದು ಅವಳ ಮೊದಲ ಕನ್ನಡ ಮಾತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಅಡುಗೆಯಮ್ಮ ಪ್ರತಿದಿನ ಬಡಿಸುವಾಗ ‘ಇನ್ನೂ ಬೇಕಾ? ಸಾಕಾ?’ ಎಂದು ಅವಳ ಮುಖ ನೋಡಿ ಕೇಳುತ್ತಿದ್ದರು, ಉತ್ತರ ಬರುವವರೆಗೆ ಸೌಟು ಹಿಡಿದು ನಿಂತಿರುತ್ತಿದ್ದರು. ಮರುದಿನದಿಂದ ತರಗತಿಯ ಶಿಕ್ಷಕಿಯೂ ಅನ್ನ, ಸಾರು, ಹಾಲು, ತಟ್ಟೆ, ಲೋಟ ಎಂಬ ಮಾತುಗಳಿಂದಲೇ ಅವಳಿಗೆ ಪಾಠ ಆರಂಭಿಸಿದರು. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಅಡುಗೆಯವರು, ಗ್ರಂಥಾಲಯ ಮೇಲ್ವಿಚಾರಕರು, ಇವರೆಲ್ಲರೂ ವಲಸೆ ಬಂದ ಮಗುವಿಗೆ ಭಾಷಾ ಶಿಕ್ಷಕರೇ. ಆದರೆ ಇವರಿಗೆ ಆ ವಿಷಯವನ್ನು ಯಾರೂ ಹೇಳಿರುವುದಿಲ್ಲ.

ನಮ್ಮ ಭಾಗದ ಇನ್ನೊಂದು ವಿಶೇಷ, ಕಂಪನಿಗಳ ಸ್ವಯಂಸೇವಕರು. ಶನಿವಾರ ಬಂದು ಇಂಗ್ಲಿಷ್ ಮಾತುಗಾರಿಕೆ ಕಲಿಸುತ್ತೇವೆ ಎನ್ನುತ್ತಾರೆ. ಅವರ ಸದುದ್ದೇಶವನ್ನು ನಾನು ಗೌರವಿಸುತ್ತೇನೆ. ಒಳ್ಳೆಯ ಉಚ್ಚಾರಣೆ, ಹೊಸ ಪುಸ್ತಕಗಳು, ಹೊರಜಗತ್ತಿನ ಪರಿಚಯ ಮಕ್ಕಳಿಗೆ ದೊರೆಯುತ್ತದೆ. ಆದರೆ ಮೂರು ವಾರ ಬಂದು ನಾಲ್ಕನೆಯ ವಾರ ಬಾರದಿದ್ದರೆ, ಪ್ರತಿ ಬಾರಿಯೂ ಹೊಸಬರು ಬಂದು ‘ನಿನ್ನ ಹೆಸರೇನು?’ ಎಂಬಲ್ಲಿಂದಲೇ ಆರಂಭಿಸಿದರೆ, ಮಗು ವರ್ಷವಿಡೀ ತನ್ನ ಹೆಸರನ್ನೇ ಹೇಳುತ್ತಿರುತ್ತದೆ. ಆದ್ದರಿಂದ ಅವರನ್ನು ಒಪ್ಪಿಕೊಳ್ಳುವ ಮೊದಲು ಕನಿಷ್ಠ ಒಂದು ಶೈಕ್ಷಣಿಕ ವರ್ಷದ ಲಿಖಿತ ಒಪ್ಪಿಗೆ ಕೇಳಿರಿ. ಏನು ಕಲಿಸಬೇಕೆಂಬುದನ್ನು ಶಾಲೆಯ ಶಿಕ್ಷಕರೊಡನೆ ಕುಳಿತು ನಿರ್ಧರಿಸಲಿ. ತರಗತಿಯ ಶಿಕ್ಷಕರು ಆ ಅವಧಿಯಲ್ಲಿ ಹಾಜರಿರಲಿ. ಆಗ ಸ್ವಯಂಸೇವಕರು ಹೋದ ಮೇಲೂ ಪಾಠ ಉಳಿಯುತ್ತದೆ.

ಮಕ್ಕಳ ರಕ್ಷಣೆಯ ದೃಷ್ಟಿಯಿಂದಲೂ ಇದು ಅವಶ್ಯಕ. ಬೇಸಿಗೆ ರಜೆಯಲ್ಲಿ ಪಂಚಾಯತಿ ಸಭಾಂಗಣವನ್ನೋ ಸಮುದಾಯ ಭವನವನ್ನೋ ಭಾಷಾ ತರಗತಿಗೆ ಕೊಡುವಾಗ ಕಲಿಸಲು ಬರುವ ಪ್ರತಿಯೊಬ್ಬರ ಗುರುತಿನ ದಾಖಲೆ ಮತ್ತು ಪೊಲೀಸ್ ಪರಿಶೀಲನೆ ಇರಬೇಕು. ಹೊರಗಿನ ವ್ಯಕ್ತಿಯೊಬ್ಬರೇ ಮಕ್ಕಳೊಂದಿಗೆ ಇರುವ ವ್ಯವಸ್ಥೆ ಬೇಡ. ಭಾಷೆ ಬಾರದ ಮಗು ತನಗಾದ ತೊಂದರೆಯನ್ನು ಹೇಳಿಕೊಳ್ಳಲೂ ಆಗದ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ಪೋಕ್ಸೋ ಕಾಯ್ದೆ, 2012ರಂತೆ ಇಂತಹ ಅಪರಾಧ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಕನ್ನಡದ ಜೊತೆಗೆ ಅಲ್ಲಿನ ಮಕ್ಕಳ ಭಾಷೆಗಳಲ್ಲಿಯೂ ಬರೆಸಿರಿ.

ಈಗ ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ, 2009ರ 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳನ್ನು ತಿಳಿಸುತ್ತದೆ. ಕಾಯ್ದೆಯ ಪ್ರಕಾರ ಪಂಚಾಯತಿಯೂ ಸ್ಥಳೀಯ ಪ್ರಾಧಿಕಾರವೇ. ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು ಮತ್ತು ವಲಸೆ ಕುಟುಂಬಗಳ ಮಕ್ಕಳ ದಾಖಲಾತಿ ಖಚಿತಪಡಿಸುವುದು ಈ ಕರ್ತವ್ಯಗಳಲ್ಲಿ ಸೇರಿವೆ. ವಯಸ್ಸಿನ ಪ್ರಮಾಣಪತ್ರವಿಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು, ವರ್ಷದ ನಡುವೆ ಬಂದಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 4ನೇ ಪ್ರಕರಣದಂತೆ ಅದನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಇತರ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿ ನೀಡಬೇಕು. ಭಾಷೆ ಬಾರದ ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸುವುದು ಕಾನೂನಿಗೂ ವಿರುದ್ಧ, ಮಗುವಿನ ಮಾನಕ್ಕೂ ವಿರುದ್ಧ. ಬೋಧನಾ ಮಾಧ್ಯಮವು ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಾಗಿರಬೇಕೆಂದು 29ನೇ ಪ್ರಕರಣ ಹೇಳುತ್ತದೆ. ಹತ್ತು ಭಾಷೆಯ ಮಕ್ಕಳಿರುವ ತರಗತಿಯಲ್ಲಿ ಇದು ಪೂರ್ಣವಾಗಿ ಆಗದು. ಆದರೆ ಮಗುವಿನ ಮನೆಮಾತಿಗೆ ತರಗತಿಯಲ್ಲಿ ಗೌರವ ಸಿಗುವಂತೆ ಮಾಡುವುದು ಖಂಡಿತ ಸಾಧ್ಯ. ಮನೆಮಾತಿನ ಮೇಲೆ ನಿಂತೇ ಮಗು ಎರಡನೆಯ ಭಾಷೆಗೆ ಕೈ ಚಾಚುತ್ತದೆ. ಊರಿನ ಮಗುವಿನ ಇಂಗ್ಲಿಷಿಗೂ ಇದೇ ಮಾತು ಅನ್ವಯಿಸುತ್ತದೆ. ಕನ್ನಡವನ್ನು ಚೆನ್ನಾಗಿ ಓದಬಲ್ಲ ಮಗು ಇಂಗ್ಲಿಷನ್ನೂ ಧೈರ್ಯದಿಂದ ಓದುತ್ತದೆ.

ಅದೇ ಕಾಯ್ದೆಯ 27ನೇ ಪ್ರಕರಣದಂತೆ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ. ಕಾರ್ಯಕ್ರಮದ ನಿರೂಪಣೆಗೆ, ಸ್ವಾಗತ ಗೀತೆಗೆ, ಅರ್ಜಿ ತುಂಬಿಸಲು ಇಂಗ್ಲಿಷ್ ಮೇಷ್ಟ್ರನ್ನು ಕರೆಸುವ ಅಭ್ಯಾಸ ನಮ್ಮಲ್ಲಿ ಕೆಲವೆಡೆ ಇದೆ. ಮೊದಲು ಹೇಳಿದ ಹನ್ನೊಂದು ದಿನದ ಲೆಕ್ಕವನ್ನು ಆಗ ದಯವಿಟ್ಟು ನೆನಪಿಸಿಕೊಳ್ಳಿ.

ನೇರವಾಗಿ ತಮ್ಮ ಕೈಯಲ್ಲಿರುವ ಸಂಸ್ಥೆಯೊಂದಿದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇಂದು ಅವು ಅರಿವು ಕೇಂದ್ರಗಳು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಶಾಲೆ ಬಿಟ್ಟ ನಂತರದ ಒಂದು ಗಂಟೆ ಅಲ್ಲಿ ಕಥೆ ಓದಿ ಹೇಳುವ ವ್ಯವಸ್ಥೆಯಾದರೆ ಪರಭಾಷೆಗೆ ಸಿಗುವ ಕಾಲ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಪುಸ್ತಕಗಳ ಜೊತೆಗೆ ಹಿಂದಿ, ಬಂಗಾಳಿ, ಒಡಿಯಾ ಚಿತ್ರಪುಸ್ತಕಗಳು ನಾಲ್ಕಾರು ಇದ್ದರೂ ಸಾಕು. ತನ್ನ ಲಿಪಿಯನ್ನು ಕಂಡ ಮಗು ಮರುದಿನ ತಂಗಿಯನ್ನೂ ಕರೆತರುತ್ತದೆ. ಆದರೆ ಇದನ್ನು ಮಾಡಬೇಕಾದವರು ಮೇಲ್ವಿಚಾರಕರು. ಅವರಿಗೆ ಸಮಯಕ್ಕೆ ಗೌರವಧನ, ಕೂರಲು ಸ್ಥಳ, ಕಥೆ ಹೇಳುವ ಒಂದು ದಿನದ ಅಭ್ಯಾಸ ಒದಗಿಸುವುದು ತಮ್ಮಿಂದ ಆಗಬೇಕಾದ ಕೆಲಸ.

ಕೊನೆಯದಾಗಿ, ಪ್ರತಿ ಪಂಚಾಯತಿಯೂ ಈ ವರ್ಷ ಕೈಗೊಳ್ಳಬಹುದಾದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ.

1. ಮಕ್ಕಳ ದಾಖಲೆಯಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಒಂದು ಅಂಕಣ ಸೇರಿಸಿ. ಶೆಡ್ಡು ಮತ್ತು ಬಾಡಿಗೆ ವಠಾರಗಳ ಸಮೀಕ್ಷೆಯನ್ನು ಶಾಲೆ ತೆರೆಯುವ ಮುನ್ನ ಒಮ್ಮೆ, ದಸರಾ ರಜೆಯ ನಂತರ ಒಮ್ಮೆ ನಡೆಸಿ.

2. ಭಾಷೆ ಕಲಿಸುವ ಶಿಕ್ಷಕರು ಯಾರು, ಕಾಯಂ ಅಥವಾ ಅತಿಥಿ, ಹುದ್ದೆ ಖಾಲಿ ಇದೆಯೇ, ಗೌರವಧನ ಯಾವ ತಿಂಗಳವರೆಗೆ ಸಂದಾಯವಾಗಿದೆ ಎಂಬ ಮಾಹಿತಿಯನ್ನು ಎಸ್‌ಡಿಎಂಸಿಯಿಂದ ಪಡೆದು ಶಿಕ್ಷಣದ ಹೊಣೆ ಹೊತ್ತ ಸೌಕರ್ಯ ಸಮಿತಿಯಲ್ಲಿ ಮಂಡಿಸಿ. ಬಾಕಿ ಇದ್ದರೆ ನಡಾವಳಿಯಲ್ಲಿ ದಾಖಲಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ.

3. ದೂರದಿಂದ ಬರುವ ಶಿಕ್ಷಕಿಯರಿಗೆ ಬಳಸಲು ಯೋಗ್ಯವಾದ ಶೌಚಾಲಯ, ಬಸ್ ನಿಲ್ದಾಣದಿಂದ ಶಾಲೆಯವರೆಗೆ ದೀಪವಿರುವ ದಾರಿ ಇದೆಯೇ ಎಂದು ಪರಿಶೀಲಿಸಿ. ಶಿಕ್ಷಕಿಯರು ಶಾಲೆ ಬಿಟ್ಟು ಹೋಗುವ ಕಾರಣಗಳಲ್ಲಿ ಇವೂ ಇರುತ್ತವೆ.

4. ಅಂಗನವಾಡಿ ಮತ್ತು ಅಡುಗೆ ಸಿಬ್ಬಂದಿಯನ್ನು ವರ್ಷಕ್ಕೊಮ್ಮೆ ಭಾಷಾ ಶಿಕ್ಷಕರೊಡನೆ ಕೂರಿಸಿ, ಹೊಸ ಮಗುವಿನೊಡನೆ ಹೇಗೆ ಮಾತನಾಡಬೇಕೆಂಬ ಬಗ್ಗೆ ಚರ್ಚೆ ಏರ್ಪಡಿಸಿ.

5. ಸ್ವಯಂಸೇವಕರಿಂದ ವರ್ಷದ ಒಪ್ಪಿಗೆ ಮತ್ತು ಗುರುತಿನ ಪರಿಶೀಲನೆ ಇಲ್ಲದೆ ಶಾಲೆಯ ಅಥವಾ ಪಂಚಾಯತಿಯ ಕೊಠಡಿಯನ್ನು ಕೊಡಬೇಡಿ.

6. ಮಕ್ಕಳ ಗ್ರಾಮ ಸಭೆಯಲ್ಲಿ ವಲಸೆ ಮಕ್ಕಳು ತಮ್ಮ ಭಾಷೆಯಲ್ಲಿಯೇ ಮಾತನಾಡಲು ಅವಕಾಶ ಕೊಡಿ. ಅವರ ಮಾತನ್ನು ಕನ್ನಡದಲ್ಲಿ ಹೇಳಬಲ್ಲ ದೊಡ್ಡ ತರಗತಿಯ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ, ಗಮನ ಬೇಕು. ಕಾರ್ಖಾನೆಗಳಿಂದ ನಮ್ಮ ಊರುಗಳಿಗೆ ತೆರಿಗೆ ಬಂದಿದೆ, ಬಾಡಿಗೆ ಬಂದಿದೆ, ಜನ ಬಂದಿದ್ದಾರೆ. ಬಂದವರ ಮಕ್ಕಳು ಕನ್ನಡ ಕಲಿತು ಇಲ್ಲಿಯವರಾಗಬೇಕು. ನಮ್ಮ ಮಕ್ಕಳು ಇಂಗ್ಲಿಷ್ ಕಲಿತು ಅದೇ ಕಂಪನಿಗಳ ಬಾಗಿಲನ್ನು ಅಳುಕಿಲ್ಲದೆ ಪ್ರವೇಶಿಸಬೇಕು. ಈ ಎರಡೂ ಕೆಲಸಗಳು ತಮ್ಮ ಊರಿನ ಶಾಲೆಯ ಒಂದೇ ಕೊಠಡಿಯಲ್ಲಿ, ಬಹುಶಃ ಒಬ್ಬರೇ ಶಿಕ್ಷಕಿಯಿಂದ ನಡೆಯುತ್ತಿವೆ. ಮುಂದಿನ ಸಾಮಾನ್ಯ ಸಭೆಗೆ ಮೊದಲು ತಾವು ಒಮ್ಮೆ ಶಾಲೆಗೆ ಹೋಗಿ ಅವರ ಹೆಸರು ಕೇಳಿ ತಿಳಿದುಕೊಳ್ಳಿ, ಅವರಿಗೆ ಏನು ಬೇಕೆಂದು ವಿಚಾರಿಸಿ. ಅಷ್ಟು ಮಾಡಿದರೆ ಈ ಉಪನ್ಯಾಸ ಸಾರ್ಥಕವೆಂದು ಭಾವಿಸುತ್ತೇನೆ.